ಹಾಜರಿ ಪುಸ್ತಕ ಮೊದಲೇ ಹೇಳಿತ್ತು

ಮಾನ್ಯರೇ,

ನಮ್ಮ ಬೀದಿಯ ಒಂಬತ್ತನೇ ಕ್ಲಾಸಿನ ಹುಡುಗಿ ಪದೇ ಪದೇ ಶಾಲೆ ತಪ್ಪಿಸುತ್ತಿದ್ದಳು. ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯ ಗೆರೆ ಎಳೆದಿದ್ದರು. ಅವಳಿಗೆ ರಕ್ತ ಕಡಿಮೆ ಅಂತ ಆಶಾ ಕಾರ್ಯಕರ್ತೆಗೆ ಗೊತ್ತಿತ್ತು. ಮನೆಯಲ್ಲಿ ಮದುವೆ ಮಾತು ಎದ್ದಿದ್ದು ಅಂಗನವಾಡಿ ಟೀಚರ್ ಕಿವಿಗೂ ಬಿದ್ದಿತ್ತು. ಆದರೆ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವಷ್ಟರಲ್ಲಿ ಚಪ್ಪರ ಹಾಕಿಯಾಗಿತ್ತು. ಮದುವೆ ನಿಂತಿತು, ಜೊತೆಗೆ ಓದೂ ನಿಂತಿತು.

ಸೌಲಭ್ಯ ಇಲ್ಲ ಅಂತಲ್ಲ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ಮನಸ್ಸಿನ ತೊಳಲಾಟಕ್ಕೆ 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿಯೂ ಇದೆ. ಆದರೆ ಶಾಲೆ ಒಂದು ಇಲಾಖೆ, ಆಸ್ಪತ್ರೆ ಇನ್ನೊಂದು, ಅಂಗನವಾಡಿ ಮತ್ತೊಂದು. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ತಲುಪುವುದು ಅನಾಹುತ ಆದಮೇಲೇ.

ಪಂಚಾಯಿತಿ ಕಚೇರಿಯಲ್ಲಿ ಈ ಮೂವರೂ ತಿಂಗಳಿಗೊಮ್ಮೆ ಒಂದು ಗಂಟೆ ಕೂರಲಿ. ಜಾಸ್ತಿ ಗೈರಾದ ಮಕ್ಕಳ ಹೆಸರನ್ನೇ ಮೊದಲು ಓದಲಿ. ಯಾರು ಮನೆಗೆ ಹೋಗಬೇಕು ಅನ್ನುವುದು ಅಲ್ಲೇ ತೀರ್ಮಾನವಾಗಲಿ. ಮಕ್ಕಳ ವಿಷಯ ಮಾತ್ರ ಆ ಕೋಣೆ ದಾಟಬಾರದು, ಊರು ಚಿಕ್ಕದು ಅಲ್ವಾ? ಇದಕ್ಕೆ ಹೊಸ ಯೋಜನೆ ಬೇಡ, ಪಿಡಿಒ ನಾಲ್ಕು ಕುರ್ಚಿ ಹಾಕಿಸಿದರೆ ಸಾಕು.

– ನಿವೃತ್ತ ಶಿಕ್ಷಕಿ, ತುಮಕೂರು ಜಿಲ್ಲೆ