ಅಪ್ಪ-ಅಮ್ಮನ ಮದುವೆಯ ದಿನದ ನೆನಪಿಗೆ ಬೇಲೂರಿನಲ್ಲಿ ಸೇರುವ ಬಗ್ಗೆ

ಗುಂಪಿನ ಹಿರಿಯರಿಗೂ ಕಿರಿಯರಿಗೂ ನಮಸ್ಕಾರ.

ಬರುವ ಭಾನುವಾರಕ್ಕೆ ಅಪ್ಪ-ಅಮ್ಮನ ಮದುವೆಯಾಗಿ 50 ವರ್ಷ ತುಂಬುವುದರಿಂದ, ಅಂದು ಬೆಳಿಗ್ಗೆ 9 ಗಂಟೆಗೆ ಬೇಲೂರಿನ ಚೆನ್ನಕೇಶವ ದೇವಸ್ಥಾನದಲ್ಲಿ ಅರ್ಚನೆ ಮಾಡಿಸಿ, ಮಧ್ಯಾಹ್ನ ಹಾಸನದ ನಮ್ಮ ಮನೆಯಲ್ಲಿ ಊಟಕ್ಕೆ ಸೇರುವುದೆಂದು ನಿಶ್ಚಯಿಸಿದ್ದೇವೆ. ಹಾಸನದಿಂದ ಸುಮಾರು 40 ಕಿಲೋಮೀಟರ್ ಇರುವುದರಿಂದ ಇಲ್ಲಿಯವರು 7.30ಕ್ಕೇ ಹೊರಡಬೇಕು, ಚಿಕ್ಕಮಗಳೂರಿನವರು ನೇರವಾಗಿ ದೇವಸ್ಥಾನಕ್ಕೆ ಬರಬಹುದು.

ಅಮ್ಮನ ಧಾರೆ ಸೀರೆಯ ಜರಿ ಮಡಿಕೆಯ ಗೆರೆಗಳಲ್ಲಿ ಕಪ್ಪಾಗಿದ್ದರೂ ಟ್ರಂಕಿನಲ್ಲಿ ಭದ್ರವಾಗಿದೆ. ಆದರೆ ಮದುವೆಯ ಆಲ್ಬಮ್ಮಿನ ಹಾಳೆಗಳು ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿವೆ. ಆದ್ದರಿಂದ ಆ ದಿನದ ಫೋಟೊ ಅಥವಾ ಲಗ್ನಪತ್ರಿಕೆ ಯಾರ ಬಳಿಯಿದ್ದರೂ ಗುರುವಾರದೊಳಗೆ ನನಗೆ ಪ್ರತ್ಯೇಕವಾಗಿ ಕಳುಹಿಸಬೇಕೆಂದು ಕೋರುತ್ತೇನೆ. ಗುಂಪಿಗೆ ಹಾಕಿದರೆ ಶುಭೋದಯದ ಸಂದೇಶಗಳ ನಡುವೆ ಅದು ಸಿಗುವುದೇ ಇಲ್ಲ.

ಅಡುಗೆಯವರಿಗೆ ಲೆಕ್ಕ ಕೊಡಬೇಕಾಗಿರುವುದರಿಂದ, ಎಷ್ಟು ಜನ ಬರುತ್ತೀರೆಂಬುದನ್ನು ದಯವಿಟ್ಟು ಇಲ್ಲಿಯೇ ತಿಳಿಸಿ.