ಲಾವ್‌ಶಿ, ಬಿಸಿನೀರು ಕುಡೀರಿ

ಎಲ್ರಿಗೂ ನಮಸ್ಕಾರ. ನಮ್ಮ ಕನ್ನಡ ಬಳಗದ ರಾಜ್ಯೋತ್ಸವ ಸಂಚಿಕೆ ಸ್ವಲ್ಪ ಲೇಟಾಯ್ತು, ಬೈಕೋಬೇಡಿ, ಟೆಸ್ಟ್ ಪೇಪರ್ ತಿದ್ದೋದು ನಿನ್ನೆ ರಾತ್ರಿ ಮುಗೀತು. ಈ ಸಲ ಬಳಗದ ಮೇಲ್‌ಗೆ ಕವನ ಬಂದಿದ್ದು ಕಮ್ಮಿ, "ಮೇಡಂ ಚೀನಾದಲ್ಲಿ ಟೀಚರ್ ಕೆಲ್ಸ ಸಿಗುತ್ತಾ" ಅಂತ ಊರಿಂದ ಬಂದಿದ್ದೇ ಜಾಸ್ತಿ. ಒಬ್ಬೊಬ್ರಿಗೂ ಬೇರೆ ಬೇರೆ ಬರಿಯೋ ಬದ್ಲು ಇಲ್ಲೇ ಬರ್ದುಬಿಡ್ತೀನಿ. ನಾನು ಹಾಸನದವಳು, ಚೀನಾದ ಸುಝೌ ಊರಲ್ಲಿ ಮ್ಯಾಥ್ಸ್ ಪಾಠ ಮಾಡ್ಕೊಂಡಿದೀನಿ, ನಂಗೆ ಗೊತ್ತಿರೋದಷ್ಟು ಹೇಳ್ತೀನಿ.

ಮೊದ್ಲು ಕಹಿ ಮಾತು. ಇಂಗ್ಲಿಷ್ ಟೀಚರ್ ಆಗಿ ಬರ್ತೀನಿ ಅನ್ನೋರು ಆ ಆಸೆ ಬಿಡೋದೇ ಒಳ್ಳೇದು. ಇಲ್ಲಿನ ವರ್ಕ್ ಪರ್ಮಿಟ್ ನಿಯಮದಲ್ಲಿ ಭಾಷೆ ಕಲಿಸೋರು ತಮ್ಮ ತಾಯ್ನುಡೀನೇ ಕಲಿಸ್ಬೇಕು, ಆ ಭಾಷೆ ಆಡೋ ದೇಶದಲ್ಲೇ ಡಿಗ್ರಿ ಮಾಡಿರ್ಬೇಕು, ನಾವು ಎಲ್‌ಕೆಜಿಯಿಂದ್ಲೂ ಇಂಗ್ಲಿಷ್ ಮೀಡಿಯಂ ಸ್ವಾಮಿ ಅಂದ್ರೆ ಕೌಂಟರ್‌ನಲ್ಲಿ ಕೇಳೋರಿಲ್ಲ. (ಹಾಗೆ ನೋಡಿದ್ರೆ ಈ ರೂಲ್ ಪ್ರಕಾರ ನಾನು ಹಕ್ಕಿಂದ ಕಲಿಸಬಹುದಾದ ಭಾಷೆ ಕನ್ನಡ, ನಮ್ಮ ಸ್ಕೂಲಲ್ಲಿ ಆ ಪೀರಿಯಡ್ ಇಲ್ಲ ಅಷ್ಟೇ.) ನಮ್ಮೋರಿಗೆ ದಾರಿ ಅಂದ್ರೆ ಮ್ಯಾಥ್ಸು, ಫಿಸಿಕ್ಸು, ಕೆಮಿಸ್ಟ್ರಿ, ಅದೂ ಐಬಿ, ಎ ಲೆವೆಲ್ ಅನ್ನೋ ಇಂಟರ್‌ನ್ಯಾಷನಲ್ ಸಿಲಬಸ್ ನಡೆಸೋ ಸ್ಕೂಲ್‌ಗಳಲ್ಲಿ. ಡಿಗ್ರಿ ಸರ್ಟಿಫಿಕೇಟು, ಪೊಲೀಸ್ ಕ್ಲಿಯರೆನ್ಸು, ಅನುಭವದ ಪತ್ರ, ಇವಕ್ಕೆಲ್ಲ ಸೀಲು ಹಾಕ್ಸ್ಕೊಂಡು ಅಲೆಯೋದ್ರಲ್ಲೇ ಒಂದು ಜೊತೆ ಚಪ್ಪಲಿ ಸವೀತು ನಂಗೆ. ಯಾವನಾದ್ರೂ ಏಜೆಂಟು "ಈಗ ಬಿಸಿನೆಸ್ ವೀಸಾದಲ್ಲಿ ಬಂದ್ಬಿಡಿ, ಆಮೇಲೆ ಚೇಂಜ್ ಮಾಡ್ಸೋಣ" ಅಂದ್ರೆ ಫೋನ್ ಇಟ್ಬಿಡಿ. ಕೆಲ್ಸಕ್ಕೆ ಝಡ್ ವೀಸಾ, ಬೇರೆ ಇಲ್ಲ. ಇಳಿದ 24 ಗಂಟೆ ಒಳಗೆ ಪೊಲೀಸ್ ಠಾಣೇಲಿ ಎಲ್ಲಿ ಉಳ್ಕೊಂಡಿದೀನಿ ಅಂತ ಬರೆಸ್ಬೇಕು, 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕ್ಬೇಕು, ಅದಕ್ಕೂ ಮುಂಚೆ ರಕ್ತ, ಎಕ್ಸ್‌ರೇ, ಇಸಿಜಿ ಅಂತ ಮೈಯೆಲ್ಲ ತೋರಿಸ್ಬೇಕು. ಪಾಸ್‌ಪೋರ್ಟ್ ತಗೊಂಡು ಒಂದು ರಸೀದಿ ಕೊಡ್ತಾರೆ, ಆ ಎರಡು ವಾರ ಅದನ್ನ ಮಾಂಗಲ್ಯದ ಥರ ಕಾಪಾಡ್ಕೊಂಡಿದ್ದೆ.

ಇಷ್ಟೆಲ್ಲ ದಾಟಿ ಬಂದ್ರೆ ನೀವು ಲಾವ್‌ಶಿ, ಅಂದ್ರೆ ಚೀನೀ ಭಾಷೇಲಿ ಟೀಚರ್. ಲಾವ್ ಅಂದ್ರೆ ಹಳೇದು, ವಯಸ್ಸಾದ ಅಂತ, ಇಪ್ಪತ್ತೈದರ ಹುಡುಗೀನೂ ಲಾವ್‌ಶಿನೇ. ಇದ್ರಲ್ಲಿ ಸಾರು, ಮಿಸ್ಸು ಅನ್ನೋ ಭೇದ ಇಲ್ಲ. ಗೇಟಿನ ಸೆಕ್ಯೂರಿಟಿಯೋರು, ಓನರ್ ಹೆಂಗಸು, ತರಕಾರಿ ಅಂಗಡಿ ಆಯಿ ಎಲ್ರೂ ಹಾಗೇ ಕರಿಯೋದು, ನಮ್ಮೂರಲ್ಲಿ ಹಿಂದೆ ಮೇಷ್ಟ್ರು ಅಂತ ಇಡೀ ಬೀದಿ ಕರೀತಿತ್ತಲ್ಲ ಹಾಗೆ. ಟೀಚರ್ಸ್ ಡೇ ಇಲ್ಲಿ ಸೆಪ್ಟೆಂಬರ್ 10ಕ್ಕೆ, ನಮ್ದು 5ಕ್ಕೆ, ಹಂಗಾಗಿ ನಂಗೆ ಒಂದೇ ವಾರದಲ್ಲಿ ಎರಡು ಸಲ ವಿಶ್ ಬರುತ್ತೆ. ಆದ್ರೆ ಮರ್ಯಾದೆ ಜೊತೆಗೇ ವೀಚಾಟ್ (ಇಲ್ಲಿನೋರ ವಾಟ್ಸಾಪ್ ಅನ್ನಿ) ಗ್ರೂಪೂ ಬರುತ್ತೆ ಅನ್ನೋದು ನೆನಪಿರ್ಲಿ, ರಾತ್ರಿ ಹನ್ನೊಂದಕ್ಕೆ ಪೇರೆಂಟ್ಸು ನನ್ನ ಮಗ ಏಳನೇ ಲೆಕ್ಕದಲ್ಲಿ ಯಾಕೆ ತಪ್ಪು ಮಾಡ್ದ ಅಂತ ಫೋಟೋ ಹಾಕ್ತಾರೆ, ಉತ್ತರ ಕೊಟ್ರೆ "ಲಾವ್‌ಶಿ ಶಿನ್‌ಕು ಲ" ಅಂತಾರೆ, ಪಾಪ ಎಷ್ಟು ಕಷ್ಟಪಟ್ರಿ ಅನ್ನೋ ಅರ್ಥದಲ್ಲಿ. ಕಷ್ಟ ಕೊಟ್ಟೋರೇ ಹಾಗಂದ್ರೆ ಏನ್ ಹೇಳೋದು!

ನಂಗೆ ಇಲ್ಲಿ ತುಂಬಾ ಇಷ್ಟ ಆಗಿದ್ದು ಮಧ್ಯಾಹ್ನದ ನಿದ್ದೆ. ಹನ್ನೊಂದೂವರೆಗೆ ಊಟ, ಆಮೇಲೆ ಕರ್ಟನ್ ಎಳೆದು ಲೈಟ್ ಆಫ್ ಮಾಡಿ ಇಡೀ ಕ್ಲಾಸು ಡೆಸ್ಕ್ ಮೇಲೆ ತಲೆ ಇಟ್ಟು ಮಲಗುತ್ತೆ, ಕೆಲವರ ಹತ್ರ ಪುಟ್ಟ ದಿಂಬು ಬೇರೆ, ಸ್ಟಾಫ್‌ರೂಮಲ್ಲಿ ನಮ್ಮ ಜೊತೆಯೋರು ಮಡಚೋ ಮಂಚ ತೆಗೀತಾರೆ. ಹಾಸನದಲ್ಲಿ ಪಾಠ ಮಾಡ್ತಿದ್ದಾಗ ಊಟ ಆದ್ಮೇಲಿನ ಪೀರಿಯಡ್‌ನಲ್ಲಿ ಕಣ್ಣು ಎಳೆಯೋ ಮಕ್ಕಳನ್ನ ನಿಲ್ಲಿಸ್ತಿದ್ದೆ ನಾನು, ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ. ಮೊದಲ ವರ್ಷ ಆ ಟೈಮಲ್ಲಿ ಪೇಪರ್ ತಿದ್ದಿ ಜಾಣೆ ಅನ್ನಿಸ್ಕೊಳ್ಳೋಕೆ ಹೋದೆ, ಪುಟ ತಿರುಗಿಸೋ ಸದ್ದಿಗೆ ನಾಲ್ಕು ತಲೆ ಎದ್ದು ನೋಡಿದ್ವು. ಈಗ ನಾನೂ ಒಂದು ಕೋಳಿನಿದ್ದೆ ಹೊಡೀತೀನಿ.

ಮ್ಯಾಥ್ಸ್‌ನಲ್ಲಿ ಈ ಮಕ್ಕಳಿಗೆ ಹೇಳಿಕೊಡೋದು ಏನಿದೆ ಅಂತ ಊರಲ್ಲಿ ಕೇಳ್ತಾರೆ. ಲೆಕ್ಕದಲ್ಲಿ ಚುರುಕೇ, ಆದ್ರೆ ಎ ಲೆವೆಲ್‌ನಲ್ಲಿ "ಯಾಕೆ ಅಂತ ವಿವರಿಸಿ" ಅಂದ ತಕ್ಷಣ ಪೆನ್ನು ನಿಲ್ಲುತ್ತೆ, ನನ್ನ ಕೆಲ್ಸ ಶುರುವಾಗೋದು ಅಲ್ಲಿಂದ. ಮಗ್ಗಿ ವಿಷಯದಲ್ಲಿ ಮಾತ್ರ ನಾನು ಗೆದ್ದೆ. ಅವರದು ಒಂಬತ್ತು ಒಂಬತ್ತಲಿ ಎಂಬತ್ತೊಂದಕ್ಕೆ ಮುಗಿಯುತ್ತೆ, ನಮ್ದು ಇಪ್ಪತ್ತರವರೆಗೂ ಹೋಗುತ್ತಲ್ಲ, ಹದಿನೇಳು ಎಂಟ್ಲಿ ನೂರ ಮೂವತ್ತಾರು ಅಂತ ಕನ್ನಡದಲ್ಲೇ ರಾಗವಾಗಿ ಹೇಳ್ದೆ, ಕ್ಲಾಸು ಚಪ್ಪಾಳೆ. ಅದಕ್ಕೆ ಒಬ್ಬ ಹುಡುಗ ನಂಗೊಂದು ಗಾದೆ ಕಲಿಸ್ದ, ಮೂರು ಏಳ್ಲಿ ಇಪ್ಪತ್ತೊಂದು ಅಂತಾನೂ ನೋಡ್ದೆ ನುಗ್ಗಿದ ಅಂತ, ಅಂದ್ರೆ ಹಿಂದೆ ಮುಂದೆ ಯೋಚಿಸ್ದೆ ಕೆಲ್ಸಕ್ಕೆ ಕೈ ಹಾಕೋದು. ನಾನು ಚೀನಾಕ್ಕೆ ಬಂದಿದ್ದು ಹಾಗೇನೇ.

ಸ್ಕೂಲ್ ಬಿಟ್ಮೇಲೆ ಮಾರ್ಕೆಟ್ಟು. ಇಲ್ಲಿ ರೇಟು ಹೇಳೋದು ಜಿನ್ ಲೆಕ್ಕದಲ್ಲಿ, ಒಂದು ಜಿನ್ ಅಂದ್ರೆ 500 ಗ್ರಾಂ, ಇದು ಗೊತ್ತಿಲ್ದೆ ಆರು ತಿಂಗ್ಳು ಎಲ್ಲಾ ಎಷ್ಟು ಸೋವಿ ಅಂತ ಖುಷಿಪಡ್ತಿದ್ದೆ, ಮನೆಗೆ ಬಂದ್ರೆ ಬೀನ್ಸು ಒಂದು ಪಲ್ಯಕ್ಕೂ ಸಾಲ್ತಿರ್ಲಿಲ್ಲ. ದುಡ್ಡು ಕೊಡೋದು ಕ್ಯೂಆರ್ ಕೋಡ್‌ನಲ್ಲಿ, ಆದ್ರೂ ಆಯಿ ಕೊನೇಲಿ ಕೊಸರಿಗೆ ಅಂತ ಎರಡು ಈರುಳ್ಳಿ ಸೊಪ್ಪು ತುರುಕೋದು ಮರೆಯಲ್ಲ. ಹೋಟೆಲ್ ಊಟ ಮಾತ್ರ ನಮ್ಮಂಥ ಸಸ್ಯಾಹಾರಿಗಳಿಗೆ ಪರೀಕ್ಷೇನೇ, ಮಾಂಸ ಬೇಡ ಅಂದ್ರೆ ತುಂಡು ಹಾಕಲ್ಲ, ಬದನೆಕಾಯಿ ಮೇಲೆ ಕೊಚ್ಚಿದ್ದು ಒಂಚೂರು ಉದುರಿಸ್ತಾರೆ, ಅದು ಅವರ ಪ್ರಕಾರ ಮಾಂಸ ಅಲ್ಲ, ರುಚಿ. ಈ ಊರಲ್ಲಿ ಶಿಯುವಾನ್ ದೇವಸ್ಥಾನದಲ್ಲಿ ಸಿಗೋ ನೂಡಲ್ಸು ಕಣ್ಣು ಮುಚ್ಚಿ ತಿನ್ನಬಹುದು, ಬೌದ್ಧರ ದೇವಸ್ಥಾನ, ಪೂರ್ತಿ ಸಸ್ಯಾಹಾರ, ಅಂಗಳದ ತುಂಬಾ ಬೆಕ್ಕುಗಳು. ಬೆಳಿಗ್ಗೆ ಅವರು ಕುಡಿಯೋ ಝೌ ಅಂದ್ರೆ ನಮ್ಮ ಗಂಜೀನೇ, ಉಪ್ಪಿನಕಾಯಿ ನೆಂಚ್ಕೊಳ್ಳೋದೂ ಹಾಗೇ.

ದುಃಖದ ವಿಷಯ ಫೋನು. ವಾಟ್ಸಾಪ್ ಇಲ್ಲಿ ಓಪನ್ ಆಗಲ್ಲ, ವೀಚಾಟ್‌ನ 2020ರ ಜೂನ್‌ನಲ್ಲಿ ನಮ್ಮ ಸರ್ಕಾರ ಬೇರೆ 58 ಆ್ಯಪ್‌ಗಳ ಜೊತೆ ಸೇರಿಸಿ ಬ್ಯಾನ್ ಮಾಡ್ತು. ಅಂದ್ರೆ ಅಮ್ಮ ಒಂದು ಕಡೆ, ಮಗಳು ಒಂದು ಕಡೆ, ಮಧ್ಯ ಎರಡು ಸರ್ಕಾರ. ಕೊನೆಗೆ ತಮ್ಮನ ಹಳೇ ಐಫೋನ್ ಅಮ್ಮನ ಕೈಗೆ ಕೊಟ್ಟು ಫೇಸ್‌ಟೈಮ್ ಕಲಿಸಿದ್ವಿ. ಅಮ್ಮನ ಧಾರಾವಾಹಿ ಒಂಬತ್ತೂವರೆಗೆ ಮುಗಿಯುತ್ತೆ, ಆಗ ಇಲ್ಲಿ ಹನ್ನೆರಡು, ನಾನು ತೂಕಡಿಸ್ತಾ ಹೂಂ ಹೂಂ ಅಂತಿರ್ತೀನಿ, ಅಮ್ಮ ಕ್ಯಾಮೆರಾಕ್ಕೆ ಬರೀ ಹಣೆ ತೋರಿಸ್ಕೊಂಡು ಮಾತಾಡ್ತಿರ್ತಾರೆ.

ಇನ್ನೊಂದು ಹೇಳ್ಬೇಕಾದ್ದು ರಜೆ ಲೆಕ್ಕ. ಇಲ್ಲಿ ದೊಡ್ಡ ರಜೆ ಕೊಡ್ತಾರೆ, ಆದ್ರೆ ವಾರಾಂತ್ಯದಲ್ಲಿ ದುಡಿಸಿ ಅದನ್ನ ವಾಪಸ್ ತಗೋತಾರೆ. 2025ರಲ್ಲಿ ಅಕ್ಟೋಬರ್ 1ರಿಂದ 8ರವರೆಗೆ ರಜೆ ಇತ್ತು, ಅದಕ್ಕೆ ಸೆಪ್ಟೆಂಬರ್ 28ರ ಭಾನುವಾರಾನೂ ಅಕ್ಟೋಬರ್ 11ರ ಶನಿವಾರಾನೂ ಸ್ಕೂಲ್ ಇತ್ತು. ಕೊಟ್ಟು ಕಿತ್ಕೊಳ್ಳೋ ಈ ಪದ್ಧತೀನ ಇಲ್ಲಿಯವರೂ ಬೈತಾರೆ. ಆದ್ರೆ ಒಂದು ಖುಷಿ, ಮೊದಲ ರಜೆ ದಿನಾನೇ ಆಯುಧಪೂಜೆ ಬಿತ್ತು. ನನ್ನ ಎಲೆಕ್ಟ್ರಿಕ್ ಸ್ಕೂಟರ್ ತೊಳೆದು, ಕುಂಕುಮ ಇಟ್ಟು, ಕೆಳಗಿನ ಅಂಗಡಿಯಿಂದ ನಿಂಬೆಹಣ್ಣು ತಂದೆ (ಇವರ ಭಾಷೇಲಿ ನಿಂಗ್‌ಮಂಗ್, ನಮ್ಮ ನಿಂಬೆಗೆ ದೂರದ ನೆಂಟನ ಥರ ಕೇಳ್ಸುತ್ತೆ), ಚಕ್ರದ ಕೆಳಗಿಟ್ಟು ಹತ್ತಿಸ್ದೆ, ಪಚಕ್ ಅಂತು. ಗೇಟಿನ ಸೆಕ್ಯೂರಿಟಿಯೋರು ಶುರುವಿಂದ ಕೈ ಕಟ್ಕೊಂಡು ನೋಡ್ತಾ ನಿಂತಿದ್ರು. ಕುಂಕುಮಕ್ಕೆ ತಲೆ ಆಡಿಸಿದ್ರು, ಹೊಸ ಗಾಡಿಗೆ ಅವರೂ ಕೆಂಪು ಪಟ್ಟಿ ಕಟ್ತಾರೆ, ಅದು ಅರ್ಥ ಆಯ್ತು. ನಿಂಬೆಹಣ್ಣನ್ನ ಮಾತ್ರ ಬಗ್ಗಿ ನೋಡಿ, ಮನಸ್ಸಿಗೆ ತುಂಬಾ ಬೇಜಾರ್ ಆದೋರ ಥರ ಅಂದ್ರು: "ಲಾವ್‌ಶಿ, ಯಾಕೆ ಹಾಳು ಮಾಡಿದ್ರಿ, ಬಿಸಿನೀರಿಗೆ ಹಿಂಡ್ಕೊಂಡು ಕುಡೀಬಹುದಿತ್ತಲ್ಲ."