ಪುಕ್ಕದ ದಿಂಬು ಒಣಗಿಸುವ ಕ್ರಮವನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಹಾಸಿಗೆ, ದಿಂಬುಗಳನ್ನು ಕಾಪಾಡುವ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸಲಹೆಗಳು ಎಲ್ಲ ದಿಂಬುಗಳೂ ಒಂದೇ ಎಂದು ಭಾವಿಸಿದಂತಿರುತ್ತವೆ. ಬೂರುಗದ ಹತ್ತಿಯ ದಿಂಬನ್ನು ನೀರಿಗೆ ಹಾಕಿದರೆ ಗಂಟುಕಟ್ಟಿ ಹಾಳಾಗುತ್ತದೆ, ಅದಕ್ಕೆ ಬಿಸಿಲೇ ಮದ್ದು ಎಂಬುದು ಕರಾವಳಿ, ಮಲೆನಾಡಿನ ಹಿರಿಯರಿಗೆಲ್ಲ ಗೊತ್ತು. ಆದರೆ ವಿದೇಶದಲ್ಲಿರುವ ಮಕ್ಕಳು ತಂದುಕೊಟ್ಟ, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿಕೊಂಡ ಬಾತುಕೋಳಿ ಪುಕ್ಕದ ದಿಂಬುಗಳೂ ಈಗ ಕೆಲವು ಮನೆಗಳಲ್ಲಿವೆ. ಆಷಾಢ ಕಳೆಯುವಷ್ಟರಲ್ಲಿ ಅವು ಮುಗ್ಗಲು ಹಿಡಿದು ನಾರತೊಡಗಿದಾಗ, ದುಬಾರಿ ವಸ್ತುವೆಂದು ಬಿಸಾಡಲೂ ಆಗದೆ ಅಟ್ಟ ಸೇರಿಸಿಬಿಡುತ್ತಾರೆ. ಸರಿಯಾಗಿ ತೊಳೆದು ಒಣಗಿಸಿದರೆ ಅವುಗಳಲ್ಲಿ ಬಹುಪಾಲು ಉಳಿಯುತ್ತವೆ ಎಂಬುದನ್ನು ಓದುಗರ ಗಮನಕ್ಕೆ ತರಬೇಕೆನಿಸಿತು.

ಪುಕ್ಕವು ನಮ್ಮ ಕೂದಲು, ಉಗುರುಗಳಂತೆಯೇ ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಬೆವರು, ತಲೆಗೆ ಹಚ್ಚಿದ ಎಣ್ಣೆ ಮತ್ತು ಗಾಳಿಯ ತೇವ ಒಳಗಿಳಿದು ಅಲ್ಲೇ ಉಳಿದಾಗ ಬ್ಯಾಕ್ಟೀರಿಯಾ, ಬೂಷ್ಟು ಬೆಳೆದು ವಾಸನೆ ಹುಟ್ಟುತ್ತದೆ. ಸೆಂಟು ಸಿಂಪಡಿಸಿ ಅದನ್ನು ಮುಚ್ಚುವುದರಿಂದ ಏನೂ ಪ್ರಯೋಜನವಿಲ್ಲ. ವಾಸನೆ ತುಸುವೇ ಇದ್ದರೆ ಗವಸು ತೆಗೆದು, ಅಡುಗೆ ಸೋಡಾ ಉದುರಿಸಿ, ಕೆಲವು ಗಂಟೆ ಬಿಟ್ಟು ಕೊಡವಿ ಗಾಳಿಗಿಟ್ಟರೆ ಸಾಕು. ತೊಳೆಯಲೇಬೇಕಾದರೆ ಮೊದಲು ಲೇಬಲ್ ನೋಡಿ, ಹೊಲಿಗೆ ಬಿಟ್ಟಿದ್ದರೆ ಹೊಲಿದು, ಉಗುರುಬೆಚ್ಚಗಿನ ನೀರಿನಲ್ಲಿ ಉಣ್ಣೆ ಬಟ್ಟೆಗೆ ಬಳಸುವ ದ್ರವ ಸೋಪನ್ನು ಸ್ವಲ್ಪವೇ ಹಾಕಿ ತೊಳೆಯಬೇಕು. ಬ್ಲೀಚ್ ಪುಕ್ಕವನ್ನೇ ತಿಂದುಹಾಕುತ್ತದೆ. ಸೋಪಿನ ಅಂಶ ಪೂರ್ತಿ ಹೋಗುವಂತೆ ಎರಡು ಮೂರು ಸಲ ಜಾಲಿಸಿ, ಹಿಂಡದೆ, ಟವೆಲ್‌ಗಳ ನಡುವೆ ಒತ್ತಿ ನೀರು ಇಳಿಸಬೇಕು.

ನಿಜವಾದ ಕಷ್ಟವಿರುವುದು ಒಣಗಿಸುವುದರಲ್ಲಿ. ಪುಕ್ಕ ಹೊರಬಾರದಂತೆ ಒತ್ತಾಗಿ ನೇಯ್ದ ಬಟ್ಟೆಯಾದ್ದರಿಂದ ಒಳಗಿನ ತೇವ ಸುಲಭವಾಗಿ ಹೊರಗೆ ಬರುವುದಿಲ್ಲ. ಮೇಲಿನ ಬಟ್ಟೆ ಬೇಗ ಒಣಗಿ ಕೈಗೆ ಬೆಚ್ಚಗೆ ತಾಗುತ್ತದೆ. ನಡುವೆ ಮಾತ್ರ ಪುಕ್ಕಗಳು ಲಿಂಬೆಹಣ್ಣಿನಷ್ಟು ಗಾತ್ರದ ಗಂಟುಗಳಾಗಿ ಒದ್ದೆಯಾಗಿಯೇ ಇರುತ್ತವೆ. ಅಷ್ಟಕ್ಕೇ ಗವಸು ಹಾಕಿಬಿಟ್ಟರೆ ಮೊದಲಿಗಿಂತ ಕೆಟ್ಟ ವಾಸನೆ ಬರುತ್ತದೆ. ಆದ್ದರಿಂದ ದಿಂಬನ್ನು ಆಗಾಗ ಮಗುಚಿ, ಬೆರಳುಗಳಿಂದ ಗಂಟುಗಳನ್ನು ಹುಡುಕಿ ಬಿಡಿಸಿ, ಕೊಡವಿ, ಹಗಲು ಗಾಳಿಬಿಸಿಲಿಗೂ ರಾತ್ರಿ ಫ್ಯಾನಿನಡಿಗೂ ಇಡಬೇಕು. ಪೂರ್ತಿ ಒಣಗಲು ಕೆಲವು ದಿನಗಳೇ ಹಿಡಿದರೂ ಅವಸರ ಮಾಡಬಾರದು. ಬಿಸಿಗಾಳಿಯಲ್ಲಿ ಬಟ್ಟೆ ಒಣಗಿಸುವ ಡ್ರೈಯರ್ ಯಂತ್ರ ಇರುವವರು ಕಡಿಮೆ ಶಾಖದಲ್ಲಿ ಒಂದೆರಡು ಶುಭ್ರವಾದ ಟೆನಿಸ್ ಚೆಂಡುಗಳನ್ನು ದಿಂಬಿನ ಜೊತೆಗೆ ಹಾಕಿದರೆ ಗಂಟು ಒಡೆಯುತ್ತದೆ. ಒಣಗಿತೇ ಎಂದು ತಿಳಿಯಲು ಅತ್ಯಂತ ನಂಬಿಕೆಯ ಉಪಾಯವೆಂದರೆ, ಬಿಸಿಲಿನ ದಿನಗಳಲ್ಲಿ ಚೆನ್ನಾಗಿ ಒಣಗಿದ್ದಾಗಲೇ ದಿಂಬನ್ನು ತಕ್ಕಡಿಯಲ್ಲಿಟ್ಟು ತೂಕ ಬರೆದಿಟ್ಟುಕೊಂಡು, ತೊಳೆದ ಮೇಲೆ ಅದೇ ತೂಕಕ್ಕೆ ಇಳಿಯುವವರೆಗೆ ಒಣಗಿಸುವುದು. ಡ್ರೈಯರ್ ಇಲ್ಲದ ಕರಾವಳಿಯ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ಬೂಷ್ಟಿನ ಕಪ್ಪು ಚುಕ್ಕೆಗಳು ಬಟ್ಟೆಯ ಮೇಲೆಲ್ಲ ಹಬ್ಬಿದ್ದರೆ, ಅದರಲ್ಲೂ ಮನೆಯಲ್ಲಿ ಉಬ್ಬಸದವರಿದ್ದರೆ, ಅಂಥ ದಿಂಬನ್ನು ಉಳಿಸಿಕೊಳ್ಳಬಾರದು.

ಇಷ್ಟೆಲ್ಲ ಪಾಲಿಸಬೇಕಾದರೆ ದಿಂಬಿನೊಳಗೆ ಏನಿದೆ ಎಂಬುದು ಮೊದಲು ತಿಳಿದಿರಬೇಕು. ಲೇಬಲ್ ಇದ್ದರೂ ಅದು ಇಂಗ್ಲಿಷಿನಲ್ಲಿ, ಅದೂ ಸಣ್ಣ ಅಕ್ಷರಗಳಲ್ಲಿರುತ್ತದೆ; ಮನೆಯಲ್ಲಿ ದಿಂಬು ತೊಳೆಯುವ ತಾಯಂದಿರಲ್ಲಿ, ಕೆಲಸದವರಲ್ಲಿ ಅನೇಕರಿಗೆ ಅದನ್ನು ಓದಲಾಗುವುದಿಲ್ಲ. ನಮ್ಮ ರಾಜ್ಯದಲ್ಲಿ ದಿಂಬು ಮಾರುವವರು ತುಂಬಿರುವ ವಸ್ತು ಯಾವುದು, ಅದನ್ನು ತೊಳೆಯಬಹುದೇ, ಹೇಗೆ ಒಣಗಿಸಬೇಕು ಎಂಬ ಮೂರು ಮಾತುಗಳನ್ನು ಕನ್ನಡದಲ್ಲಿ, ಓದಲು ಬರುವಷ್ಟು ದಪ್ಪಕ್ಷರದಲ್ಲಿ ಮುದ್ರಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಓರ್ವ ಓದುಗಿ, ಉಡುಪಿ